ಬೊಗೊಟಾದ ಮಾಸ್ತರಿಗೆ ಸಲ್ಲಬೇಕಾದ ಮರ್ಯಾದೆ

ಬೆಳಗಿನ ಐದು ಗಂಟೆ. ಐಟಿ ಕಂಪನಿಗಳ ಬಡಾವಣೆಯಾದ ಖರಾಡಿಯ ಗಾಜಿನ ಕಟ್ಟಡವೊಂದರ ಕಾಲ್ ಸೆಂಟರ್‌ನಲ್ಲಿ ಅಂಬಾ ಕಟ್ಟಿ ಕಿವಿಗೆ ಹೆಡ್‌ಫೋನ್ ಏರಿಸಿ ಕೂತಿದ್ದಾರೆ. ಕೊಲಂಬಿಯಾದ ಬೊಗೊಟಾದಲ್ಲಿ ಇನ್ನೂ ಹಿಂದಿನ ದಿನದ ಸಂಜೆ. ಅಲ್ಲೊಬ್ಬ ವೃದ್ಧೆಯ ಆಕ್ಸಿಜನ್ ಯಂತ್ರ ಕೀರಲು ದನಿ ತೆಗೆಯುತ್ತಿದೆ. "ಗಾಬರಿಯಾಗಬೇಡಿ ಅಮ್ಮಾ, ಎಡಗಡೆಯ ಪೈಪು ಬಿಚ್ಚಿ ಮತ್ತೆ ಹಾಕಿ" ಎಂದು ಅಂಬಾ ಸ್ಪ್ಯಾನಿಷ್‌ನಲ್ಲಿ ಹೇಳುತ್ತಾರೆ. ಯಂತ್ರ ಸುಮ್ಮನಾಗುತ್ತದೆ. ಆ ಯಂತ್ರ ಮಾರುವ ಕಂಪನಿಯ ಪ್ರಕಾರ ಇಲ್ಲೊಂದು ಅಪರಾಧ ನಡೆದಿದೆ: ಆ ವೃದ್ಧೆಗೆ ಅಂಬಾ ‘ಉಸ್ತೆದ್’ ಅಂದಿದ್ದಾರೆ.

‘ಉಸ್ತೆದ್’ ಅಂದರೆ ನಮ್ಮ ‘ನೀವು’, ‘ತು’ ಅಂದರೆ ‘ನೀನು’. ಎಲ್ಲ ಗಿರಾಕಿಗಳಿಗೂ ‘ತು’ ಅನ್ನಿ, ಆಪ್ತವಾಗಿರುತ್ತದೆ ಎಂದು ಈ ವರ್ಷ ಅಪ್ಪಣೆಯಾಗಿದೆ. ಆಪ್ತವಂತೆ! ಕಂಡವರ ಅಜ್ಜಿಯನ್ನು ಏಕವಚನದಲ್ಲಿ ಕರೆದರೆ ಪ್ರೀತಿ ಉಕ್ಕುತ್ತದೆಂದು ಯಾವ ಪುಣ್ಯಾತ್ಮರು ಕಂಡುಹಿಡಿದರೋ.

ಅಂಬಾ ಧಾರವಾಡದವರು, ಮದುವೆಯಾಗಿ ಇದೇ ಊರಿನ ಖಡಕಿಗೆ ಬಂದವರು. ಪತಿ ಬಿಂದುಮಾಧವ ಬೆನ್ನುನೋವಿನಿಂದ ಕೆಲಸ ಬಿಟ್ಟ ಮೇಲೆ ಮನೆ ನಡೆಯುವುದು ಇವರ ಸಂಬಳದಿಂದಲೇ. ನಲವತ್ತರ ಹೊಸ್ತಿಲಲ್ಲಿ, ಕಾಲೇಜು ಮಕ್ಕಳ ನಡುವೆ ಕೂತು ಸ್ಪ್ಯಾನಿಷ್ ಕಲಿತರು. ದಿನಕ್ಕೆ ಅರವತ್ತು ಕರೆಗಳಾದರೂ ಬರುತ್ತವೆ.

"ನಮ್ಮ ಕಡೆ ಕಾಯಿಪಲ್ಲೆ ಮಾರ್ಲಿಕ್ಕೆ ಬಂದಾಕಿಗೂ ‘ಬರ್ರಿ’ ಅಂತೀವ್ರಿ. ಬೊಗೊಟಾದಾಗೂ ಹಂಗ ಅದ. ಎಷ್ಟೋ ಮನ್ಯಾಗ ತಾಯಿ ಮಗಗ ಸುದ್ದಾ ಉಸ್ತೆದ್ ಅಂತಾಳ. ಅದರಾಗ ಭಾಳ ಅಕ್ಕರತಿ ಇರ್ತದ್ರಿ."

ಎರಡು ಸಲ ಎಚ್ಚರಿಕೆ ಬಂದ ಮೇಲೆ, ಕಳೆದ ತಿಂಗಳು ಅಂಬಾ ಸೋತರು. ನಿವೃತ್ತ ಮಾಸ್ತರರೊಬ್ಬರಿಗೆ ‘ತು’ ಅಂದುಬಿಟ್ಟರು. "ಮಗಳೇ, ಕಾಯಿಲೆ ಬಿದ್ದವನಿಗೆ ಮರ್ಯಾದೆಯೂ ಇರಬಾರದೇ?" ಎಂದವರೇ ಅವರು ಫೋನ್ ಇಟ್ಟರು. ಯಂತ್ರ ಮಾತ್ರ ಕೆಟ್ಟೇ ಇತ್ತು. ಸಿಬ್ಬಂದಿ ತಾವಾಗಿ ಗಿರಾಕಿಗೆ ಕರೆ ಮಾಡುವಂತಿಲ್ಲ. ಅಂಬಾ ಮಾಡಿದರು. ‘ಉಸ್ತೆದ್’ ಎಂದು ಕ್ಷಮೆ ಕೇಳಿ, ಯಂತ್ರ ಸರಿಹೋದ ಮೇಲೆಯೇ ಫೋನ್ ಇಟ್ಟರು.

ಅದಕ್ಕೆ ಸಿಕ್ಕ ಬಹುಮಾನ ವಿಚಾರಣೆ. "ನಂಗೂ ಬೇಜಾರಾಗತ್ತೆ, ಆದ್ರೆ ಪಾಲಿಸಿ ಅಂದ್ರೆ ಪಾಲಿಸಿ, ನಾನೇನ್ ಮಾಡ್ಲಿ?" ಎನ್ನುತ್ತಾರೆ ಮೈಸೂರು ಕಡೆಯ ಟೀಮ್ ಲೀಡರ್ ಮಿಥುನ. ಅಂಬಾ ಕೆಲಸದಲ್ಲಿ ಉಳಿಯುತ್ತಾರೋ ಇಲ್ಲವೋ, ಸೋಮವಾರ ತೀರ್ಮಾನ. ಅದನ್ನು ಹೇಳಲು ಮ್ಯಾಡ್ರಿಡ್‌ನಿಂದ ನಿರ್ದೇಶಕರು ಬರುತ್ತಿದ್ದಾರೆ. ಮೈ ಉರಿಯುವುದು ಈಗ: ನಿರ್ದೇಶಕರಿಗೆ ತಪ್ಪದೆ ‘ಉಸ್ತೆದ್’ ಅನ್ನಬೇಕೆಂದು ಇದೇ ಕಂಪನಿ ಎಲ್ಲರಿಗೂ ತಾಕೀತು ಮಾಡಿದೆ. ಸಂಬಳ ಕೊಡುವವರಿಗೆ ಗೌರವ, ಉಸಿರು ಕಟ್ಟಿದವರಿಗೆ ಆಪ್ತತೆ! ನಾಚಿಕೆಯಾಗಬೇಕು.

ಅಂಬಾ ಮಾತ್ರ ದನಿ ಏರಿಸುವುದಿಲ್ಲ. ಪಾಳಿ ಮುಗಿಸಿ ಚಹಾ ಹಿಡಿದು ಕೂತಿದ್ದಾರೆ.

"ಸಾಹೇಬ್ರಿಗೂ ಉಸ್ತೆದ್ ಅಂತೀನ್ರಿ, ಅದಕ್ಕೇನು? ಆ ಮಾಸ್ತರಿಗೆ ಎಷ್ಟು ಮರ್ಯಾದಿ ಕೊಟ್ಟೀನೋ ಇವರಿಗೂ ಅಷ್ಟ. ಕೂದಲೆಳಿಯಷ್ಟೂ ಹೆಚ್ಚಿಲ್ಲ."