ಬಾಮೈದನ ಬಳಿ ಬಿಟ್ಟುಹೋದ ಫೋನು

ನಮ್ಮ ಹಾಸನದ ಸೀಮೆಯಲ್ಲಿ ಗಂಡಸಿನ ಮಾನ ಹೋಗುವುದಕ್ಕೆ ಅವನು ಊರಿನಲ್ಲಿ ಇರಲೇಬೇಕೆಂಬ ನಿಯಮವೇನೂ ಇಲ್ಲ. ನಾನು ಬ್ಯಾಂಕಾಕಿನ ಹೋಟೆಲೊಂದರ ಕೋಣೆಯಲ್ಲಿ ಮಂಚದ ಮೇಲೆ ಪೇಪರ್ ಹಾಸಿಕೊಂಡು ಮುದ್ದೆ ನುಂಗುತ್ತಿದ್ದಾಗ, ನನ್ನ ಮಾನವು ಹೊಳೆನರಸೀಪುರದಲ್ಲಿ ಸದ್ದಿಲ್ಲದೆ ಹೋಯಿತು. ವಿಷಯ ನನಗೆ ತಿಳಿದದ್ದು ಊರಿಗೆ ಬಂದ ಮೇಲೆ.

ನಾನು ಹೈಸ್ಕೂಲಿನ ಹೆಡ್‌ಮಾಸ್ಟರಾಗಿ ನಿವೃತ್ತನಾದವನು. ಹಾಸನದಲ್ಲಿ ಮನೆ. ಸಮುದ್ರದ ಆಚೆ ಏನಿದೆಯೆಂದು ಒಂದು ಸಲ ನೋಡಬೇಕೆಂಬುದು ನನ್ನ ಹೆಂಡತಿಯ ಆಸೆಯಾಗಿತ್ತು, ನನ್ನದಲ್ಲ. ನಮ್ಮಂಥ ಪಿಂಚಣಿದಾರರನ್ನು ಗುಂಪು ಕಟ್ಟಿಕೊಂಡು ಹೋಗುವ ಟೂರಿನವನೊಬ್ಬ ಹಾಸನದಲ್ಲಿದ್ದಾನೆ. ಅವನ ಹಿರಿಮೆಯೇನೆಂದರೆ ಜೊತೆಯಲ್ಲಿ ಅಡಿಗೆಯವನನ್ನೂ ರಾಗಿಹಿಟ್ಟಿನ ಮೂಟೆಯನ್ನೂ ವಿಮಾನ ಹತ್ತಿಸುತ್ತಾನೆ. ಪರದೇಶದಲ್ಲಿ ಬಸ್ಸಾರು ಸಿಗುತ್ತದೆಯೆಂಬ ಒಂದೇ ಭರವಸೆಯ ಮೇಲೆ ಅರಕಲಗೂಡಿನ ಶುಂಠಿ ವ್ಯಾಪಾರಿ ದಂಪತಿಯಿಂದ ಹಿಡಿದು ಚನ್ನರಾಯಪಟ್ಟಣದ ನಿವೃತ್ತ ನೌಕರರವರೆಗೆ ಎಲ್ಲರೂ ಪಾಸ್‌ಪೋರ್ಟ್ ಮಾಡಿಸಿದ್ದರು.

ಬ್ಯಾಂಕಾಕ್ ಎಂಬ ಊರಿನ ವಿಚಾರದಲ್ಲಿ ಒಂದು ತೊಡಕಿದೆ. ಆ ಹೆಸರು ಕೇಳಿದರೆ ಸಾಕು, ನಮ್ಮ ಕಡೆಯ ಗಂಡಸರು ಮೀಸೆಯಡಿಯಲ್ಲಿ ಒಂದು ನಗೆ ನಗುತ್ತಾರೆ. ಹೆಂಡತಿಯನ್ನು ಕಟ್ಟಿಕೊಂಡು ಹೋಗುತ್ತಿದ್ದೇನೆ ಎಂದು ಹೇಳಿದರೆ ನಗೆಯ ಜಾಗದಲ್ಲಿ ಅನುಕಂಪ ಬರುತ್ತದೆ. ನಾನು ಎರಡನ್ನೂ ಸಮಚಿತ್ತದಿಂದ ಸ್ವೀಕರಿಸಿ ಹೊರಟೆ.

ಹೊರಡುವ ಮುನ್ನ ಮಾಡಬೇಕಾದ್ದನ್ನೆಲ್ಲ ಶಾಸ್ತ್ರೋಕ್ತವಾಗಿ ಮಾಡಿದೆ. ಬ್ಯಾಂಕಿಗೆ ಹೋಗಿ, ನನ್ನ ಕಾರ್ಡು ಹೊರದೇಶದಲ್ಲೂ ನಡೆಯುವಂತೆ ಮಾಡಿಸಿದೆ. ಅಲ್ಲಿನ ಅಧಿಕಾರಿ, ನನ್ನ ಶಿಷ್ಯೆಯಾಗುವ ವಯಸ್ಸಿನ ಹೆಣ್ಣುಮಗಳು, ಎರಡು ಮಾತು ಹೇಳಿದಳು. ಕಾರ್ಡನ್ನು ಕಣ್ಣಿನಿಂದ ಮರೆಯಾಗಲು ಬಿಡಬೇಡಿ. ಖರ್ಚಾದ ಕೂಡಲೇ ಮೆಸೇಜ್ ಬರುತ್ತದೆ, ಅದನ್ನು ನೋಡುತ್ತಿರಿ, ನೀವು ಮಾಡದ ಖರ್ಚು ಕಂಡರೆ ತಕ್ಷಣ ತಿಳಿಸಿ. ನಾನು ತಲೆಯಾಡಿಸಿದೆ. ಮೂವತ್ತು ವರ್ಷ ಮಕ್ಕಳು ನನ್ನ ಮುಂದೆ ಆಡಿಸಿದ್ದು ಅದೇ ತಲೆ.

ಇತ್ತ ಟೂರಿನವನು, ಫೋನು ಅಲ್ಲಿ ಆನ್ ಆಗಿದ್ದರೆ ಸಾಕು, ಕಂಪನಿಯವರು ದುಡ್ಡು ಕೀಳುತ್ತಾರೆ ಎಂದು ಎಲ್ಲರನ್ನೂ ಹೆದರಿಸಿದ್ದ. ಹೀಗಾಗಿ ಹೆಂಡತಿಯ ಫೋನಿಗೆ ಆ ದೇಶದ ಸಿಮ್ ಹಾಕಿಸುವುದೆಂದೂ, ನನ್ನದನ್ನು ಊರಿನಲ್ಲಿ ನಂಬಿಕಸ್ಥರ ಕೈಯಲ್ಲಿ ಬಿಡುವುದೆಂದೂ ತೀರ್ಮಾನವಾಯಿತು. ಪಿಂಚಣಿ ಬಂದ ಮೆಸೇಜು, ಗ್ಯಾಸಿನವನ ಕರೆ, ಇವನ್ನೆಲ್ಲ ಯಾರಾದರೂ ನೋಡಬೇಕಲ್ಲ. ನಂಬಿಕಸ್ಥ ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಹೊಳೆನರಸೀಪುರದ ನನ್ನ ಬಾಮೈದ.

ಅವನದು ತೆಂಗಿನಕಾಯಿ ಮಂಡಿ. ಅಕ್ಕನೆಂದರೆ ಪ್ರಾಣ. ನನ್ನ ಹೆಂಡತಿಗೂ ಅಷ್ಟೆ; ಮದುವೆಯಾದಾಗಿನಿಂದ ಅವಳು ಗೌರಿ ಹಬ್ಬಕ್ಕೆ ತವರಿಗೆ ಹೋಗದ ವರ್ಷವಿರಲಿಲ್ಲ. ಹೇಮಾವತಿ ಸೇತುವೆ ದಾಟುತ್ತಿದ್ದಂತೆ ಬಸ್ಸಿನಲ್ಲೇ ಅವಳ ಮಾತು ಬದಲಾಗುತ್ತದೆ, ಹಾಸನದ ಹಕಾರವೆಲ್ಲ ಹೊಳೆಯ ಪಾಲಾಗುತ್ತದೆ. ಬಾಮೈದನಿಗೆ ನನ್ನ ಮೇಲೂ ಅಪಾರ ಮರ್ಯಾದೆ. ನಾನು ಕುಳಿತಿದ್ದರೆ ಅವನು ಎದುರಿಗೆ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ನನ್ನನ್ನು ಮುಳುಗಿಸಿದ್ದು ಆ ಮರ್ಯಾದೆಯೇ.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು. ನಮ್ಮ ಅತ್ತೆಗೆ ಕಿವಿ ಮಂದ. ಎರಡು ಕಿವಿಗೂ ಮಿಷನ್ ಹಾಕಿಸೋಣ, ಭಾವ ಒಂದು, ನಾನೊಂದು ಎಂದು ಬಾಮೈದ ಹೇಳಿದ್ದ. ಹಾಸನದ ಕಿವಿ ವೈದ್ಯರು, ವಯಸ್ಸಾದವರು, ಮೊದಲು ಒಂದು ಕಿವಿಯಲ್ಲಿ ರೂಢಿಯಾಗಲಿ, ಆಮೇಲೆ ಇನ್ನೊಂದು ಎಂದರು. ನಾನು ಅದನ್ನೇ ಮನೆಯವರಿಗೆ ತಲುಪಿಸಿದೆ. ಮಾತೇನೋ ವೈದ್ಯರದು; ಆದರೆ ಹೇಳಿದ ಬಾಯಿ, ಆಗಷ್ಟೇ ವಿಮಾನದ ಟಿಕೆಟ್ ಮಾಡಿಸಿಕೊಂಡು ಬಂದಿದ್ದ ಬಾಯಿ. ಬಾಮೈದ ತನ್ನ ಪಾಲಿನ ಒಂದು ಮಿಷನ್ ಹಾಕಿಸಿ ಸುಮ್ಮನಾದ.

ಬ್ಯಾಂಕಾಕಿನಲ್ಲಿ ನನ್ನ ಹೆಂಡತಿ ಒಂದು ಕೊಡೆಯನ್ನು ಮೆಚ್ಚಿದಳು. ಅಂಗಡಿಯವನು ನನ್ನ ಕಾರ್ಡನ್ನು ಎರಡೂ ಕೈಯಲ್ಲಿ ಸ್ವೀಕರಿಸಿ, ಬಾಗಿ ವಂದಿಸಿ, ಪರದೆಯ ಹಿಂದಕ್ಕೆ ಹೋದ. ಇಷ್ಟು ವಿನಯವಾಗಿ ಒಳಗೆ ಹೋದವನ ಹಿಂದೆ ನುಗ್ಗುವುದು ಸಂಸ್ಕಾರವಂತರ ಲಕ್ಷಣವೇ? ಅದೂ ಅಲ್ಲದೆ ನಾನು ಬಂದಿದ್ದು, ಪೆಟ್ರೋಲ್ ಬಂಕಿನಲ್ಲಿ ಕಾರಿನ ಕಿಟಕಿಯಿಂದ ಕಾರ್ಡನ್ನೂ ಕೊಟ್ಟು, ಪಿನ್ನನ್ನೂ ಕೂಗಿ ಹೇಳಿ, ಚಕ್ರಕ್ಕೆ ಗಾಳಿ ಹಿಡಿಸಲು ಹೋಗುವ ಊರಿನಿಂದ. ಅಂಗಡಿಯವನು ಹೊರಬಂದು ಕಾರ್ಡನ್ನು ಮತ್ತೆ ಎರಡೂ ಕೈಯಲ್ಲಿ ಹಿಂದಿರುಗಿಸಿದ. ನಮ್ಮೂರಿನಲ್ಲಿ ನನಗೆ ಅಷ್ಟು ಗೌರವದಿಂದ ಯಾರೂ ಏನನ್ನೂ ಕೊಟ್ಟದ್ದಿಲ್ಲ.

ದಿನವೂ ಸಂಜೆ ಹೆಂಡತಿಯ ಫೋನಿನಿಂದ ಬಾಮೈದನಿಗೆ ವಾಟ್ಸಾಪ್ ಕರೆ ಹೋಗುತ್ತಿತ್ತು. ಅಕ್ಕತಮ್ಮಂದಿರ ಮಾತು ಮುಗಿದ ಮೇಲೆ ನಾನು ತೆಗೆದುಕೊಂಡು, ಮೆಸೇಜು ಗಿಸೇಜು ಏನಾದರೂ ಬಂತೇ ಎಂದು ತಪ್ಪದೆ ಕೇಳುತ್ತಿದ್ದೆ.

“ಬತ್ತಾವೆ ಭಾವ,” ಎನ್ನುತ್ತಿದ್ದ. “ನೀವು ತಲೆ ಕೆಡಿಸ್ಕಬ್ಯಾಡಿ. ಆರಾಮಾಗಿ ಓಡಾಡ್ಕಂಡ್ ಬನ್ನಿ.”

ದಿನದಿಂದ ದಿನಕ್ಕೆ ಅವನ ಧ್ವನಿ ಇಳಿಯುತ್ತಿತ್ತು. ತೆಂಗಿನಕಾಯಿ ದರ ಬಿದ್ದಿರಬೇಕೆಂದುಕೊಂಡೆ. ಕೊನೆಯ ದಿನ ವಿಮಾನ ನಿಲ್ದಾಣದಲ್ಲಿ ಮಿಠಾಯಿ ಕೊಳ್ಳಲು ಹೋದರೆ ಕಾರ್ಡು ನಡೆಯಲಿಲ್ಲ. ಅದಕ್ಕೂ ದಣಿವಾಗಿರಬೇಕೆಂದು ಜೇಬಿಗೆ ಹಾಕಿಕೊಂಡೆ.

ಊರಿಗೆ ಬಂದ ಮರುದಿನವೇ ಹೊಳೆನರಸೀಪುರಕ್ಕೆ ಹೋದೆವು. ಅತ್ತೆಗೆ ನೋವಿನ ಮುಲಾಮು, ಬಾಮೈದನ ಹೆಂಡತಿಗೆ ಚೀಲ. ಊಟಕ್ಕೆ ಹಾಕಿದರು. ಬಡಿಸಿದರೇ ಹೊರತು ಬಲವಂತ ಮಾಡಲಿಲ್ಲ. ನಮ್ಮ ಕಡೆ ಅಳಿಯನಿಗೆ ಬಲವಂತ ಮಾಡದೆ ಬಡಿಸುವುದೆಂದರೆ ಎಲೆ ಮುಂದೆ ಕೂರಿಸಿ ಎಬ್ಬಿಸಿ ಕಳಿಸಿದಂತೆ. ಕೈ ತೊಳೆಯುವಾಗ ಬಾಮೈದ ಟವೆಲ್ ಕೊಟ್ಟು, ಮಂಡಿಗೆ ಹೋಗಿ ಬರೋಣ ಬನ್ನಿ ಎಂದ. ಅಲ್ಲಿ ಕಾಯಿ ರಾಶಿಯ ಪಕ್ಕ ನಿಲ್ಲಿಸಿ ಫೋನನ್ನು ಕೈಗಿತ್ತ.

“ನಾನ್ ಯಾರ್ಗೂ ಏಳಿಲ್ಲ ಭಾವ. ಅಕ್ಕಂಗಂತೂ ಏಳೇ ಇಲ್ಲ.”

ಏನನ್ನು ಎಂದು ಕೇಳಿದೆ. ಅವನು ತೆಂಗಿನಕಾಯಿಗಳನ್ನು ನೋಡಿದ. ನಾನು ಮೆಸೇಜುಗಳನ್ನು ನೋಡಿದೆ.

ನನ್ನ ಹೆಸರಿನಲ್ಲಿ ಯಾರೋ ಮಹಾರಾಯ ಬ್ಯಾಂಕಾಕಿನಲ್ಲಿ ರಾಜನಂತೆ ಬದುಕಿದ್ದ. ಮೊದಲು ಒಂದು ಬಾರು. ಅತ್ತರಿನ ಅಂಗಡಿ. ಆಮೇಲೆ ಮಸಾಜು. ಮತ್ತೆ ಮಸಾಜು. ಇನ್ನೊಂದು ಬಾರು. ಮೈಕೈ ನೋವು ಬಹಳವಿತ್ತೆಂದು ಕಾಣುತ್ತದೆ, ಪುನಃ ಮಸಾಜು. ಕಡೆಗೆ ಒಂದು ಚಿನ್ನದಂಗಡಿ. ಅಲ್ಲಿಗೆ ಖಾತೆ ಬರಿದು. ನನ್ನ ಅರವತ್ತು ಚಿಲ್ಲರೆ ವರ್ಷದ ಜೀವನದಲ್ಲಿ ಮಾಡದ್ದನ್ನೆಲ್ಲ ಅವನು ನನ್ನ ಖರ್ಚಿನಲ್ಲಿ ಒಂದು ವಾರದೊಳಗೆ ಮಾಡಿ ಮುಗಿಸಿದ್ದ.

ಇದು ನಾನಲ್ಲ, ಕಾರ್ಡನ್ನು ಯಾರೋ ನಕಲು ಮಾಡಿದ್ದಾರೆ ಎಂದೆ. ಬಾಮೈದ ಮರ್ಯಾದೆಯಿಂದ ತಲೆಯಾಡಿಸಿದ. ಆ ತಲೆಯಾಟ ನನಗೆ ಗೊತ್ತು. ಪಾಠ ಅರ್ಥವಾಗದ ಹುಡುಗ ಮೇಷ್ಟರ ಸಮಾಧಾನಕ್ಕೆ ಆಡಿಸುವ ತಲೆ ಅದು.

“ಮೊದಲನೇ ಮೆಸೇಜ್ ಬಂದಾಗಲೇ ಒಂದು ಮಾತು ಹೇಳಬಾರದಿತ್ತೇನಪ್ಪ?”

“ಎಂಗೇಳನ ಭಾವ? ಅಕ್ಕ ಪಕ್ಕದಾಗೇ ಕುಂತಿರ್ತಿದ್ಲು. ಅವಳ ಫೋನಿಗೇ ಮಾಡಿ, ಭಾವ ನೀವು ಮಸಾಜಿಗೆ ಓಗಿದ್ರಾ ಅಂತ ಕೇಳಕಾಯ್ತದಾ? ನನ್ ಕೈಯಾರೆ ಅಕ್ಕನ ಸಂಸಾರ ಒಡೀಲಾ?” ದನಿ ಇನ್ನೂ ತಗ್ಗಿಸಿ ಸೇರಿಸಿದ: “ಚಿನ್ನದಂಗಡಿ ಮೆಸೇಜ್ ಬಂದಾಗ, ಓಗ್ಲಿ, ಅಕ್ಕಂಗೆ ಏನೋ ತಗಂಡವ್ರೆ ಅನ್ಕಂಡೆ. ಈಗ ಅಕ್ಕನ ಕತ್ತು ನೋಡ್ದೆ.”

ಹೆಂಡತಿಯ ಕತ್ತಿನಲ್ಲಿ ಹಳೆಯ ಸರವೇ ಇತ್ತು. ನಿರಪರಾಧಿಯ ಹೆಂಡತಿಯ ಕತ್ತು ಹಾಗೇ ಇರಬೇಕಲ್ಲವೇ ಎಂಬ ವಾದ ಆಗ ಹೊಳೆಯಲಿಲ್ಲ, ಹೊಳೆದಿದ್ದರೂ ಉಪಯೋಗವಿರಲಿಲ್ಲ.

ದಾರಿಯಲ್ಲೇ ಹೆಂಡತಿಗೆ ಎಲ್ಲವನ್ನೂ ಹೇಳಿ, ಹಾಸನಕ್ಕೆ ಬಂದು ನೇರವಾಗಿ ಬ್ಯಾಂಕಿಗೆ ಹೋದೆ. ಆ ಹೆಣ್ಣುಮಗಳು ಕಾರ್ಡನ್ನು ನಿಲ್ಲಿಸಿ, ದೂರು ಬರೆದುಕೊಳ್ಳುತ್ತ, ಮೊದಲ ಮೆಸೇಜಿಗೇ ತಿಳಿಸಿದ್ದರೆ ಅಷ್ಟಕ್ಕೇ ತಡೆಯುತ್ತಿದ್ದೆವಲ್ಲ ಸರ್, ಫೋನು ಯಾರ ಹತ್ತಿರವಿತ್ತು ಎಂದಳು. ಬಾಮೈದನ ಹತ್ತಿರ ಎಂದೆ. ಅವರು ನೋಡಲಿಲ್ಲವೇ ಎಂದಳು.

“ನೋಡಿದ. ಮರ್ಯಾದೆಗೋಸ್ಕರ ಸುಮ್ಮನಿದ್ದ.”

ಅವಳ ಪೆನ್ನು ನಿಂತಿತು. ತಡವಾದುದಕ್ಕೆ ಕಾರಣ ಎಂಬಲ್ಲಿ ಮರ್ಯಾದೆ ಎಂದು ಬರೆಯುವುದು ಹೇಗೆಂದು ಯೋಚಿಸಿ, ಕೊನೆಗೆ ‘ಪ್ರವಾಸದಲ್ಲಿದ್ದರು’ ಎಂದು ಬರೆದಳು. ಪೊಲೀಸರಲ್ಲೂ ದೂರು ಕೊಡಬೇಕಾಯಿತು. ಅಲ್ಲಿನವರು ಖರ್ಚಿನ ಪಟ್ಟಿಯನ್ನು ಗಟ್ಟಿಯಾಗಿ ಓದಿದರು, ಪಕ್ಕದ ಮೇಜಿನವರಿಗೂ ಅನುಕೂಲವಾಗಲೆಂದು. ಆ ಹೊತ್ತಿನಲ್ಲಿ ನೀವು ಎಲ್ಲಿದ್ದಿರಿ ಎಂಬ ಪ್ರಶ್ನೆಗೆ, ಹೆಂಡತಿಯೊಂದಿಗೆ ಮುದ್ದೆ ಊಟ ಮಾಡುತ್ತಿದ್ದೆ ಎಂದೆ. ಬ್ಯಾಂಕಾಕಿನಲ್ಲಾ ಸಾ ಎಂದು ಕೇಳಿದರು. ಸತ್ಯಕ್ಕೆ ನಂಬುವಂತಿರುವ ಜವಾಬ್ದಾರಿ ಇಲ್ಲವೆಂದು ನಾನು ಅಲ್ಲಿ ಕಲಿತೆ.

ತಿಂಗಳುಗಳು ಕಳೆದ ಮೇಲೆ ಬ್ಯಾಂಕು ಹಣದ ಒಂದು ಭಾಗವನ್ನು ಹಿಂದಿರುಗಿಸಿತು; ಈ ವ್ಯವಹಾರಗಳು ಗ್ರಾಹಕರು ಮಾಡಿದವಲ್ಲವೆಂದು ಕಾಗದವನ್ನೂ ಕೊಟ್ಟಿತು. ತಡಮಾಡಿದ್ದಕ್ಕೆ ಉಳಿದದ್ದು ನನ್ನ ಪಾಲಿನ ದಂಡ. ನಾನು ಆ ಕಾಗದವನ್ನು ಹಿಡಿದು, ಮಾನ ಮರಳಿ ಪಡೆಯಲೆಂದು ಹೊಳೆನರಸೀಪುರಕ್ಕೆ ಹೋದೆ. ಯಾರಿಗೂ ಹೇಳಿಲ್ಲವೆಂದಿದ್ದ ಬಾಮೈದನ ಹೆಂಡತಿ ಪೂರ್ತಿ ಓದಿದಳು. ಬಳಿಕ ಒಳಮನೆಯಲ್ಲಿ ಗಂಡನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ನಿಮ್ಮ ಭಾವ ಓದಿಸಿದ ಹುಡುಗರು ಬ್ಯಾಂಕಿನಲ್ಲಿ ಎಷ್ಟು ಜನ ಇಲ್ಲ, ಒಂದು ಕಾಗದ ಬರೆದುಕೊಡಲಾರರೇ ಎಂದಳು. ನನ್ನ ವೃತ್ತಿಗೆ ಸಂದ ಗೌರವಗಳಲ್ಲಿ ಇದೂ ಒಂದು.

ಇನ್ನು ಉಳಿದದ್ದು ಸಾಕ್ಷಿ. ಚನ್ನರಾಯಪಟ್ಟಣದಲ್ಲಿ ಬಂಧುಗಳ ಮದುವೆಯೊಂದರಲ್ಲಿ ಅರಕಲಗೂಡಿನ ಶುಂಠಿ ವ್ಯಾಪಾರಿ ಸಿಕ್ಕ. ದೇವರೇ ಕಳಿಸಿದನೆಂದುಕೊಂಡು ಅವನನ್ನು ಬಾಮೈದನ ಮುಂದೆ ನಿಲ್ಲಿಸಿ, ನೀವೇ ಹೇಳಿ, ನಾನು ಕೋಣೆ ಬಿಟ್ಟು ಹೋಗುತ್ತಿದ್ದೆನೇ ಎಂದು ಕೇಳಿದೆ. ಅವನು ಎಲೆಯಡಿಕೆಯನ್ನು ದವಡೆಗೆ ಸರಿಸಿಕೊಂಡು ಬಹಳ ಹೊತ್ತು ಯೋಚಿಸಿದ.

“ಮದ್ವೆ ಮನೇಲಿ ಸುಳ್ಳೇಳಬಾರ್ದು ಸಾ. ನಮ್ ರೂಮು ಮ್ಯಾಗಡೆ ಇತ್ತು. ನೀವು ಓಗಿದ್ದ ನಾನ್ ನೋಡಿಲ್ಲ.” ಅಷ್ಟಕ್ಕೆ ನಿಲ್ಲಿಸಬಹುದಿತ್ತು. “ಇದ್ದಿದ್ದೂ ನೋಡಿಲ್ಲ.”

ಅವನ ಪ್ರಾಮಾಣಿಕತೆಯನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ನಿಜವಾದ ಸಾಕ್ಷಿ ನನ್ನ ಹೆಂಡತಿ. ಅಷ್ಟೂ ದಿನ ನನ್ನ ಪಕ್ಕದಲ್ಲೇ ಇದ್ದವಳು. ಅವಳು ತಮ್ಮನಿಗೆ ಹೇಳಿದಳು, ನಾದಿನಿಗೆ ಹೇಳಿದಳು, ಅಮ್ಮನ ಮಿಷನ್ ಇದ್ದ ಕಿವಿಗೂ ಬಾಯಿಟ್ಟು ಹೇಳಿದಳು. ಅವಳು ಹೇಳಿದಷ್ಟೂ ಅವರ ಕಣ್ಣು ತೇವವಾಗುತ್ತಿತ್ತು. ಪಾಪ, ಗಂಡನನ್ನು ಎಷ್ಟು ಕಾಪಾಡಿಕೊಳ್ಳುತ್ತಾಳೆ ಎಂದು. ಮಗಳ ಬಾಯಿಂದ ಬಂದ ಸತ್ಯವು ಅವಳ ಪಾತಿವ್ರತ್ಯದ ಲೆಕ್ಕಕ್ಕೆ ಜಮಾ ಆಯಿತೇ ಹೊರತು ನನ್ನ ಲೆಕ್ಕಕ್ಕೆ ಬರಲಿಲ್ಲ.

ಬ್ಯಾಂಕಿನಿಂದ ಬಂದ ಹಣದಲ್ಲಿ ನಾನು ಅತ್ತೆಗೆ ಎರಡನೆಯ ಕಿವಿಯ ಮಿಷನ್ ಕೊಡಿಸಿದೆ. ವೈದ್ಯರು ಹೇಳಿದ್ದ ಸಮಯವೂ ಬಂದಿತ್ತು. ಅಷ್ಟೇ ಕಾರಣ. ಆದರೆ ಡಬ್ಬಿಯನ್ನು ಕೈಗೆ ಕೊಟ್ಟ ಗಳಿಗೆಯಲ್ಲಿ ಬಾಮೈದನ ಮುಖದಲ್ಲಿ ಮೂಡಿದ ಸಮಾಧಾನವನ್ನು ಕಂಡಾಗ ನಾನು ಏನು ಮಾಡಿಬಿಟ್ಟೆನೆಂದು ಹೊಳೆಯಿತು. ಅದು ಮಿಷನ್ ಅಲ್ಲ, ತಪ್ಪುಕಾಣಿಕೆ.

“ಓಗ್ಲಿ ಬುಡಿ ಭಾವ,” ಎಂದ, ನನ್ನ ತೋಳು ಮುಟ್ಟಿ. ಹಿಂದೆಂದೂ ಅವನು ನನ್ನನ್ನು ಮುಟ್ಟಿ ಮಾತಾಡಿದವನಲ್ಲ. “ಮನುಷ್ಯ ಅಂದ್ಮೇಲೆ ಆಯ್ತದೆ. ನಾವ್ ಮರ್ತಿದೀವಿ.”

ನಾನು ಹೊಸ ಮಿಷನ್ನನ್ನೂ ಹಾಕಿಕೊಂಡ ಅತ್ತೆಯ ಕಡೆ ತಿರುಗಿ, ಎರಡೂ ಕಿವಿ ಕೇಳುವಂತಾಗಿದೆ, ಈಗಲಾದರೂ ಕೇಳಲಿ ಎಂದು ಮೊದಲಿನಿಂದ ಹೇಳತೊಡಗಿದೆ. ಕೊಡೆ, ಪರದೆ, ಅಂಗಡಿಯವನು. ಅವರು ನಿಧಾನವಾಗಿ ಎರಡೂ ಮಿಷನ್ನುಗಳನ್ನು ಬಿಚ್ಚಿ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದರು.

“ಸಾಕು ಬುಡಿ ಅಳಿಮಯ್ಯ,” ಎಂದರು.

ವಾಪಸು ಬರುವಾಗ ಸೇತುವೆಯ ಮೇಲೆ ನನ್ನ ಹೆಂಡತಿ ಕಿಟಕಿಯಾಚೆ ನೋಡುತ್ತಿದ್ದಳು. ನಿಮ್ಮನ್ನು ಬೈದಿದ್ದರೆ ಜಗಳ ಆಡಬಹುದಿತ್ತು, ನನ್ನನ್ನು ಪಾಪ ಅನ್ನುತ್ತಾರಲ್ಲ, ಅದಕ್ಕೆ ಏನು ಮಾಡಲಿ ಎಂದಳು.

ಈ ಸಲ ಗೌರಿ ಹಬ್ಬಕ್ಕೆ ಮೊಣಕಾಲು ನೋವೆಂದು ಹೇಳಿ ಅವಳು ತವರಿಗೆ ಹೋಗಲಿಲ್ಲ. ಬಾಮೈದನೇ ಬಾಗಿನ ತೆಗೆದುಕೊಂಡು ಹಾಸನಕ್ಕೆ ಬಂದ. ನನ್ನ ಎದುರಿಗೆ ಕುರ್ಚಿಯಲ್ಲೇ ಕುಳಿತು ಕಾಫಿ ಕುಡಿದ. ಅವನು ಹೋದ ಮೇಲೆ ಬಾಗಿನ ಬಿಚ್ಚಿದೆವು. ಮೊರದಲ್ಲಿ ಬಳೆ, ಅರಿಸಿನ, ಕುಂಕುಮ, ಅದರ ಕೆಳಗೆ ಸೀರೆ. ಇಷ್ಟು ವರ್ಷದಲ್ಲಿ ಅವನು ಕೊಟ್ಟ ಯಾವ ಸೀರೆಯೂ ಅದರ ಸೆರಗಿಗೆ ಸಮನಲ್ಲ. ಜರಿ ಅಗಲ, ಬಣ್ಣ ಅವಳಿಗೆ ಬಹಳ ಇಷ್ಟವಾದ ಗಿಣಿಹಸಿರು.

ಚೆನ್ನಾಗಿದೆ, ಉಟ್ಟುಕೋ ಎಂದೆ.

ಅವಳು ಸೆರಗಿನ ಮೇಲೆ ಒಂದು ಸಲ ಕೈಯಾಡಿಸಿದಳು. ಬಂದ ಮಡಿಕೆಯಲ್ಲೇ ಮತ್ತೆ ಮಡಿಸಿದಳು.

“ಇದನ್ನುಟ್ರೆ ನಾನೂ ಒಪ್ಕೊಂಡಂಗಾಗುತ್ತೆ ಕಣ್ರೀ,” ಎಂದು ಬೀರುವಿನ ತಳದಲ್ಲಿ, ಬ್ಯಾಂಕಾಕಿನ ಕೊಡೆಯ ಪಕ್ಕದಲ್ಲಿಟ್ಟು, ಹಳೆಯ ಸೀರೆಯಲ್ಲೇ ಗೌರಿಗೆ ದೀಪ ಹಚ್ಚಲು ಹೋದಳು.