ನರ್ಸಮ್ಮನ ಓಟ್ಸ್ ತಟ್ಟೆ

ಜಗಳೂರಿನ ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ಹೊನ್ನೂರಮ್ಮ ಒಂದು ಕಡೆ ಕೂತದ್ದನ್ನು ಕಂಡವರು ಊರಿಗೆಲ್ಲ ಇಬ್ಬರೇ. ಒಬ್ಬರು ಆಕೆಯ ಮದುವೆಯ ಫೋಟೋ ತೆಗೆದವರು. ಆ ಫೋಟೋದಲ್ಲೂ ಆಕೆಗೆ ಮೂರು ಮುಖ ಬಿದ್ದಿವೆ. ಇನ್ನೊಬ್ಬ ದಾವಣಗೆರೆ ಬಸ್ಸಿನ ಕಂಡಕ್ಟರು. ಆಕೆ ಸೀಟಿನಲ್ಲಿ ಕೂತಿದ್ದರೂ ಬಸ್ಸಿಗಿಂತ ನಾಲ್ಕು ಮಾರು ಮುಂದೆಯೇ ಇರುತ್ತಾಳೆಂದು ಆತ ಆಣೆ ಮಾಡಿ ಹೇಳುತ್ತಿದ್ದ.

ಎಪ್ಪತ್ತೊಂದರಲ್ಲಿ ತ್ಯಾವಣಿಗೆಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿಂದ ಕೆರೆಬಿಳಚಿ, ಅಲ್ಲಿಂದ ನ್ಯಾಮತಿ, ಆಮೇಲೆ ಜಗಳೂರು. ವರ್ಗದ ಆದೇಶ ಬಂದರೆ ಉಳಿದವರು ಕಣ್ಣೀರು ಹಾಕುತ್ತಿದ್ದರು. ಈಕೆಯ ಟ್ರಂಕು ಆದೇಶಕ್ಕಿಂತ ಮೊದಲೇ ಅರ್ಧ ತುಂಬಿರುತ್ತಿತ್ತು. ನ್ಯಾಮತಿಯಲ್ಲಿ ಒಂದು ಹೆರಿಗೆಗೆ ಎಷ್ಟು ಬೇಗ ತಲುಪಿದ್ದಳೆಂದರೆ, ಬಸುರಿಗೆ ನೋವೇ ಶುರುವಾಗಿರಲಿಲ್ಲ. ಹುಟ್ಟಿದ ಮೇಲೆ ಕೂಸಿಗೇ “ಎಷ್ಟೊತ್ತೋ ನಿಂದು?” ಎಂದು ಗದರಿದಳಂತೆ. ಆ ಕೂಸು ಮುಂದೆ ಶಾಲೆಗೆ ಒಂದು ದಿನವೂ ತಡವಾಗಿ ಹೋಗಲಿಲ್ಲ ಎನ್ನುತ್ತಾರೆ.

ಇಂಥ ಸುಂಟರಗಾಳಿಗೆ ಗಂಟು ಬಿದ್ದದ್ದು ಒಂದು ಬಂಡೆ. ಟೈಲರ್ ಷಣ್ಮುಖಪ್ಪ ಬೆಳಿಗ್ಗೆ ಎಂಟಕ್ಕೆ ಹೊಲಿಗೆ ಮಿಷನ್ನಿನ ಮುಂದೆ ಕೂತರೆ ಪಾದಗಳನ್ನು ಬಿಟ್ಟು ಬೇರೆ ಯಾವ ಅಂಗವನ್ನೂ ಅನವಶ್ಯಕವಾಗಿ ಅಲ್ಲಾಡಿಸುತ್ತಿರಲಿಲ್ಲ. ಅದು ಬಿಟ್ಟರೆ ಅಲ್ಲಾಡಿಸುತ್ತಿದ್ದುದು ನಾಲಿಗೆಯೊಂದನ್ನೇ, ಅದೂ ಸಿಹಿಗೆ. ಕೇಸರಿಬಾತು, ಕಾಯಿಹೋಳಿಗೆ, ಗಸಗಸೆ ಪಾಯಸ, ಯಾರ ಮನೆಯಲ್ಲಿ ಯಾವ ದಿನ ಏನೆಂದು ಪಂಚಾಂಗಕ್ಕಿಂತ ಚೆನ್ನಾಗಿ ಗೊತ್ತಿತ್ತು. ಬೇಸಿಗೆಯಲ್ಲಿ ಆತನ ಬೆವರು ಬಿದ್ದ ಕಡೆ ಇರುವೆಗಳು ಸಾಲುಗಟ್ಟುತ್ತಿದ್ದವು.

ಎಂಬತ್ತನಾಲ್ಕರ ಮಾರ್ಚಿನಲ್ಲಿ ಆತನ ಬಲಗಾಲಿನ ಹೆಬ್ಬೆರಳ ಮೇಲೆ ಕತ್ತರಿ ಬಿತ್ತು. ಮೇ ಕಳೆದರೂ ಗಾಯ ಮಾಯಲಿಲ್ಲ. ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಎಳೆ ವಯಸ್ಸಿನ ಡಾಕ್ಟರು ಮೂತ್ರ ತರಿಸಿದರು. ಗಾಜಿನ ಕೊಳವೆಯಲ್ಲಿ ನೀಲಿ ದ್ರಾವಣ ಹಾಕಿ, ಅದಕ್ಕೆ ಎಂಟು ಹನಿ ಬಿಟ್ಟು ಕಾಯಿಸಿದರು. ಸಕ್ಕರೆ ಇಲ್ಲದಿದ್ದರೆ ನೀಲಿ, ಸ್ವಲ್ಪ ಇದ್ದರೆ ಹಸಿರು, ಹೆಚ್ಚಿದರೆ ಹಳದಿ, ಮಿತಿ ಮೀರಿದರೆ ಇಟ್ಟಿಗೆ ಕೆಂಪು. ಷಣ್ಮುಖಪ್ಪನದು ಕುದಿಯುವ ಮೊದಲೇ ಕೆಂಪಾಯಿತು.

“ಗುಳಿಗೆ ಕೊಡ್ತೀನಿ. ಊಟ ನೀವು ನೋಡಿಕೊಳ್ಳಬೇಕು,” ಎಂದರು ಡಾಕ್ಟರು ಹೊನ್ನೂರಮ್ಮನಿಗೆ. “ಒಂದು ತಿಂಗಳು ಸಮಯ. ಸಕ್ಕರೆ ಇಳಿಯದಿದ್ದರೆ ದಾವಣಗೆರೆಗೆ ಬರೆದುಕೊಡ್ತೀನಿ. ಬೆರಳು ತೆಗೀತಾರೆ.”

ಮಿಷನ್ನಿನ ಪೆಡಲು ತಿರುಗುತ್ತಿದ್ದುದೇ ಆ ಬೆರಳಿನ ಒತ್ತಿನ ಮೇಲೆ. ಅದು ಹೋದರೆ ಮಿಷನ್ನು ಹೋಯಿತು, ಮಿಷನ್ನು ಹೋದರೆ ಷಣ್ಮುಖಪ್ಪನಲ್ಲಿ ಉಳಿಯುವುದು ಬರೀ ನಾಲಿಗೆ. ಹೊನ್ನೂರಮ್ಮ ಅದೇ ಮಧ್ಯಾಹ್ನ ದಾವಣಗೆರೆಗೆ ಹೋಗಿ, ಡಾಕ್ಟರು ಬೆಳಗಿನ ತಿಂಡಿಗೆಂದು ಚೀಟಿಯಲ್ಲಿ ಬರೆದುಕೊಟ್ಟಿದ್ದ ಓಟ್ಸಿನ ಡಬ್ಬಿ ಹುಡುಕಿ ತಂದಳು.

ಮರುದಿನ ಅದನ್ನು ಗಂಜಿ ಕಾಯಿಸಿ ಮುಂದಿಟ್ಟಳು.

“ಇದೇನೇ?”

“ಓಟ್ಸು ಕಣ್ರೀ. ಡಾಕ್ಟ್ರು ಹೇಳಿದ್ದು.”

“ಸಿನಿಮಾ ಪೋಸ್ಟರ್ ಹಚ್ಚೋರು ಬಕೆಟ್ ಮರೆತು ಹೋಗ್ಯಾರೇನೋ, ಮೊದ್ಲು ಕೇಳು.”

“ಸುಮ್ನೆ ತಿನ್ರಿ.”

ಎರಡು ಚಮಚ ತಿಂದ. ತುಟಿಗಳು ಒಂದಕ್ಕೊಂದು ಅಂಟಿ, ಮಧ್ಯಾಹ್ನದವರೆಗೂ ಗಿರಾಕಿಗಳಿಗೆ ಕೈಸನ್ನೆಯಲ್ಲೇ ಅಳತೆ ಹೇಳಬೇಕಾಯಿತು. ತುಟಿ ಬಿಟ್ಟುಕೊಂಡ ಕೂಡಲೇ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋದ. ಸಂಜೆ ಹೊನ್ನೂರಮ್ಮ ಆತನ ಮೀಸೆಯ ಮೇಲೆ ಕೇಸರಿಬಾತಿನ ತುಪ್ಪ ನೋಡಿದಳು. ಹಿತ್ತಲಲ್ಲಿ ಅತ್ತಿಂದಿತ್ತ ನಡೆದಳು. ನೆಲದಲ್ಲಿ ಮೊಣಕಾಲುದ್ದ ಕಾಲುವೆ ಬಿದ್ದು, ಪಕ್ಕದ ಮನೆಯವರು ಅದರಲ್ಲಿ ನುಗ್ಗೆಗಿಡಕ್ಕೆ ನೀರು ಹಾಯಿಸಿಕೊಂಡರು.

ಉಪಾಯ ಹೊಳೆದದ್ದು ಪೀರ್‌ಸಾಬರ ಬೇಕರಿಯಲ್ಲಿ, ವಾರ್ಡಿಗೆ ಬ್ರೆಡ್ಡು ತರಲು ಹೋದಾಗ. ಬೆಳಗಿನ ಜಾವ ಬನ್ನು, ಬ್ರೆಡ್ಡು ತೆಗೆದ ಮೇಲೆ ಅವರ ಒಲೆಯಲ್ಲಿ ಕಾವು ಇನ್ನೂ ಎರಡು ತಾಸು ಇರುತ್ತಿತ್ತು. ಅಷ್ಟೊತ್ತಿಗೆ ಓಣಿಯ ಹೆಂಗಸರು ಮನೆಯಲ್ಲಿ ಕಲಸಿದ ನಾನ್‌ಕಟಾಯಿ ಬಿಸ್ಕತ್ತಿನ ಹಿಟ್ಟನ್ನು ತಟ್ಟೆಗಳಲ್ಲಿ ತಂದುಕೊಡುತ್ತಿದ್ದರು. ಪೀರ್‌ಸಾಬರು ಬೇಯಿಸಿ ಕೊಡುತ್ತಿದ್ದರು. ಒಲೆಯ ಬಾಯಿಂದ ಏಲಕ್ಕಿ ವಾಸನೆ ಹೊರಬಂದು ಹೊನ್ನೂರಮ್ಮನನ್ನು ತಡೆದು ನಿಲ್ಲಿಸಿತು. ಅದು ಪೊಲೀಸರ ಕೈಲೂ ಆಗದ ಕೆಲಸ.

“ಸಾಬ್ರೇ, ನಾನೂ ಒಂದು ತಟ್ಟೆ ತಂದ್ರೆ ಬೇಯಿಸ್ತೀರಾ?”

“ಯಾಕಿಲ್ಲ ನರ್ಸಮ್ಮ? ನಮ್ಮ ನಾಕು ಮಕ್ಕಳನ್ನ ಹೊರಗೆ ತೆಗದೋರು ನೀವು. ನಿಮ್ಮದೊಂದು ತಟ್ಟೆ ನಾನು ಹೊರಗೆ ತೆಗಿಯಾಕಿಲ್ವಾ?”

ಓಟ್ಸನ್ನು ಹಾಲು ಮೊಸರಿನಲ್ಲಿ ನೆನೆಸಿದಳು. ಹುರಿದ ಗಸಗಸೆ, ತುರಿದ ಒಣಕೊಬ್ಬರಿ, ಕುಟ್ಟಿದ ಶೇಂಗಾ, ಏಲಕ್ಕಿ, ಉಗುರಿನಷ್ಟು ಜಾಯಿಕಾಯಿ, ಅರ್ಧ ಬಾಳೆಹಣ್ಣು. ಬೆಲ್ಲವಿಲ್ಲ, ಸಕ್ಕರೆಯಿಲ್ಲ. ಸಮಾಧಾನಕ್ಕೆ ತುಂಡಿಗೊಂದು ಒಣದ್ರಾಕ್ಷಿ. ಮೊದಲ ದಿನ ಬೆಂದು ಬಂದದ್ದನ್ನು ಒಡೆಯಲು ಷಣ್ಮುಖಪ್ಪ ಇಸ್ತ್ರಿಪೆಟ್ಟಿಗೆ ಬಳಸಿದ. ಎರಡನೆಯ ದಿನ ಹಾಲು ಹೆಚ್ಚಿಸಿದಳು. ಮೂರನೆಯ ದಿನ ಮೇಲೆ ಕೆಂಪಗೆ ಕಂದಿ, ಒಳಗೆ ಗಿಣ್ಣಿನ ಹಾಗೆ ಅದುರುವಂಥದ್ದು ಬಂತು.

ಷಣ್ಮುಖಪ್ಪ ಮೂಸಿದ. ತಟ್ಟೆಯ ಕೆಳಗೂ ನೋಡಿದ.

“ಹೋಳಿಗೆ ವಾಸನೆ ಬರ್ತೈತಲ್ಲೇ! ಯಾರ ಮನೇದು?”

“ನಿಮ್ಮ ಮನೇದು. ತಿನ್ರಿ.”

“ಹೋಳಿಗೆಗೆ ಜ್ವರ ಬಂದು ಸೊರಗಿದ್ರೆ ಹಿಂಗೇ ಇರ್ತೈತೆ,” ಎಂದ. ಆದರೆ ತಿಂದ. ಮರುದಿನವೂ ತಿಂದ. ಹೊನ್ನೂರಮ್ಮ ಒಂದು ದಿನ ಕಾಯಿಹೋಳಿಗೆಯ ಘಮ, ಒಂದು ದಿನ ಗಸಗಸೆ ಪಾಯಸದ್ದು, ಒಂದು ದಿನ ಕೇಸರಿ ಎಳೆ ಹಾಕಿ ಕೇಸರಿಬಾತಿನದು ಎಂದು ವಾರವಿಡೀ ಆತನ ಮೂಗಿಗೆ ಮದುವೆ ಮಾಡಿಸಿದಳು. ಐದಕ್ಕೆ ಎದ್ದು ಕಲಸುವುದು, ಆರೂವರೆಗೆ ಬೇಕರಿ, ಏಳೂವರೆಗೆ ತಟ್ಟೆ ಮನೆಗೆ, ಎಂಟಕ್ಕೆ ಬೆರಳಿಗೆ ಪಟ್ಟಿ. ಹದಿನೈದನೆಯ ದಿನ ಕೊಳವೆ ಹಳದಿಗೆ ಇಳಿಯಿತು. ಇಪ್ಪತ್ತೆರಡಕ್ಕೆ ಗಾಯದ ಅಂಚಿನಲ್ಲಿ ಹೊಸ ಚರ್ಮ ಕಂಡಿತು. ಅವತ್ತು ಆಕೆ ಪಟ್ಟಿ ಕಟ್ಟುವ ಬದಲು ಬೆರಳನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಷಣ್ಮುಖಪ್ಪ ಗಾಬರಿಯಾಗಿ “ಕೊಳೀತೇನೇ?” ಎಂದ. “ಬಾಯಿ ಮುಚ್ಚಿ ಕೂತ್ಕಳ್ರಿ,” ಎಂದಳು.

ಡಾಕ್ಟರು ಕೊಟ್ಟ ದಿನ ಬಂತು. ರಂಜಾನ್ ಹಬ್ಬಕ್ಕೆ ಎರಡೇ ದಿನ ಉಳಿದಿತ್ತು. ಬೇಕರಿಯ ಮುಂದೆ ಎಷ್ಟು ತಟ್ಟೆಗಳನ್ನು ಪೇರಿಸಿದ್ದರೆಂದರೆ, ಬಿಸಿಲಿಗೆ ಅವು ಹೊಳೆದು ಚನ್ನಗಿರಿಯವರೆಗೂ ಜನ ಕಣ್ಣುಜ್ಜಿಕೊಂಡರು. ಹೊನ್ನೂರಮ್ಮ ತಟ್ಟೆ ಇಡುವಷ್ಟರಲ್ಲಿ ಹಟ್ಟಿಯಿಂದ ಕುರಿಗಾರ ಚಿಕ್ಕಹನುಮಂತಪ್ಪ ಓಡಿಬಂದ. ಆತನ ಅಕ್ಕನಿಗೆ ನೋವು ಶುರುವಾಗಿತ್ತು.

“ಸಾಬ್ರೇ, ಇವತ್ತೊಂದಿನ ಮನೀಗೆ ಕಳಿಸಿಬಿಡ್ರಿ.”

“ನಮ್ಮ ಭಾವ ಅದಾನೆ, ಕಳಿಸ್ತೀನಿ. ನೀವು ಹೋಗ್ರಿ ಅಮ್ಮ.”

ಭಾವ ಸುಬಾನಸಾಬ ಜಟಕಾ ಹೊಡೆಯುವವನು. ಹಬ್ಬದ ನೂಕುನುಗ್ಗಲಿಗೆ ಸಹಾಯಕ್ಕೆ ಬಂದಿದ್ದ. ವಯಸ್ಕರ ಶಿಕ್ಷಣ ತರಗತಿಯಲ್ಲಿ ಆಗಷ್ಟೇ ಓದು ಕಲಿತಿದ್ದು, ಊರಿನ ಬೋರ್ಡುಗಳೆಲ್ಲ ಮುಗಿದು ಈಗ ಓದಲು ಏನೂ ಉಳಿಯದೆ ಒದ್ದಾಡುತ್ತಿದ್ದ.

ಹತ್ತೂವರೆಗೆ ಹೊನ್ನೂರಮ್ಮ ಹಟ್ಟಿಯಿಂದ ನೇರವಾಗಿ ಆಸ್ಪತ್ರೆಗೆ ಬಂದಳು. ಅಕ್ಕನ ನೋವು ಸುಳ್ಳು ನೋವಾಗಿತ್ತು. ಷಣ್ಮುಖಪ್ಪ ಆಗಲೇ ಬೆಂಚಿನ ಮೇಲಿದ್ದ. ಡಾಕ್ಟರು ಎಂಟು ಹನಿ ಬಿಟ್ಟು ಕಾಯಿಸಿದರು. ನೀಲಿ ಹಸಿರಾಯಿತು, ನಿಲ್ಲಲಿಲ್ಲ. ಹಳದಿಯಾಯಿತು, ನಿಲ್ಲಲಿಲ್ಲ. ಆ ಕೆಂಪಿನಲ್ಲಿ ಒಂದು ಕೋಣೆ ಕಟ್ಟಬಹುದಾಗಿತ್ತು.

“ನಾಳೆ ಮಧ್ಯಾಹ್ನದ ಬಸ್ಸಿಗೆ ಹೊರಡಿ,” ಎಂದು ಡಾಕ್ಟರು ಕಾಗದ ಬರೆಯತೊಡಗಿದರು.

“ಗಾಯ ಆರ್ತಾ ಐತೆ ಡಾಕ್ಟ್ರೇ, ನಾನೇ ಕಟ್ಟೋಳು. ಒಂದ್ಸಲ ನೋಡ್ರಿ.”

“ಇಷ್ಟು ಸಕ್ಕರೆ ಇಟ್ಟುಕೊಂಡು ಆರಲ್ಲ ಸಿಸ್ಟರ್.”

ಹೊನ್ನೂರಮ್ಮ ಗಂಡನ ಕಡೆ ತಿರುಗಿದಳು. “ಏನು ತಿಂದ್ರಿ ಬೆಳಿಗ್ಗೆ?”

“ನೀ ಕಳಿಸಿದ ತಟ್ಟೇಲಿ ಇದ್ದದ್ದು,” ಎಂದ ಷಣ್ಮುಖಪ್ಪ, ಸೀಲಿಂಗ್ ಫ್ಯಾನಿನ ಕಡೆ ನೋಡುತ್ತ.

ಮನೆಗೆ ಓಡಿದಳು. ದಾರಿಯುದ್ದಕ್ಕೂ ಒಂದೇ ಯೋಚನೆ: ಬೆಲ್ಲ ಹಾಕಿಬಿಟ್ಟೆನಾ? ಕತ್ತಲಲ್ಲಿ ಕೈ ತಪ್ಪಿತಾ? ನಾನೇ ಬೆರಳು ತೆಗೆದೆನಾ? ಅಡಿಗೆಮನೆಯಲ್ಲಿ ತಟ್ಟೆ ಖಾಲಿಯಾಗಿತ್ತು. ಅಂಚಿನಲ್ಲಿ ಸಕ್ಕರೆ ಪಾಕ ಗಟ್ಟಿಯಾಗಿತ್ತು, ಒಂದು ಕೆಂಪು ಚೆರ್ರಿ ತುಣುಕು ಅಂಟಿತ್ತು. ಚೆರ್ರಿಯನ್ನು ಆಕೆ ಜೀವಮಾನದಲ್ಲಿ ಕೊಂಡಿರಲಿಲ್ಲ. ತಟ್ಟೆ ತಿರುಗಿಸಿದಳು. ಕೆಳಗೆ ಕೊರೆದಿತ್ತು: ಷಣ್ಮುಖಪ್ಪ, ಟೈಲರ್, ಪ್ರೀತಿಯ ಕಾಣಿಕೆ.

ಆಗ ಎಲ್ಲ ತಿಳಿಯಿತು. ಕಿರಾಣಿ ಅಂಗಡಿಯ ಕಲ್ಲೇಶಪ್ಪ ಇವರ ಮದುವೆಗೆ ತಮ್ಮ ಹೆಸರು ಕೊರೆಸಿ ಒಂದು ಸ್ಟೀಲ್ ತಟ್ಟೆ ಕೊಟ್ಟಿದ್ದರು. ಮುಯ್ಯಿ ತೀರಿಸಲು ಕಲ್ಲೇಶಪ್ಪನವರ ಗೃಹಪ್ರವೇಶಕ್ಕೆ ಷಣ್ಮುಖಪ್ಪ ಅದೇ ಅಂಗಡಿಯಿಂದ ಅದೇ ಅಳತೆಯ ತಟ್ಟೆ ತಂದು ತನ್ನ ಹೆಸರು ಕೊರೆಸಿ ಕೊಟ್ಟಿದ್ದ. ಹೀಗೆ ಜಗಳೂರಿನಲ್ಲಿ ಯಾರ ಮನೆಯ ತಟ್ಟೆಯ ಮೇಲೂ ಆ ಮನೆಯವರ ಹೆಸರಿರಲಿಲ್ಲ. ಪೀರ್‌ಸಾಬರು ಇಪ್ಪತ್ತು ವರ್ಷ ಹೆಸರು ನೋಡದೆ ಮುಖ ನೋಡಿ ತಟ್ಟೆ ಕೊಟ್ಟಿದ್ದರು, ಒಂದೂ ತಪ್ಪಿರಲಿಲ್ಲ. ಸುಬಾನಸಾಬ ಓದಿ ಕೊಟ್ಟಿದ್ದ.

ಕಲ್ಲೇಶಪ್ಪನವರ ಮನೆಯಲ್ಲಿ ಹೊನ್ನಾಳಿಯಿಂದ ಹೆಣ್ಣು ನೋಡಲು ಬಂದಿದ್ದರು. ವಾರಪತ್ರಿಕೆ ನೋಡಿ ಮಗಳು ಮಾಡಿದ ರವೆ ಕೇಕಿನ ಬದಲು ನಡುಮನೆಯಲ್ಲಿ ಓಟ್ಸು ಕೂತಿತ್ತು. ಬೀಗರಾಗಲಿದ್ದವರು ಮರ್ಯಾದೆಯಿಂದ ಅಗಿಯುತ್ತಿದ್ದರು. ಕಲ್ಲೇಶಪ್ಪನ ಹೆಂಡತಿ ಅಜ್ಜಮ್ಮ, ಓಡಿಬಂದ ಹೊನ್ನೂರಮ್ಮನನ್ನು ಬಾಗಿಲಲ್ಲೇ ಹಿಡಿದಳು.

“ಸಕ್ರೇನೇ ಇಲ್ಲ ಕಣವ್ವ! ಒಂದೂವರೆ ಸೇರು ನನ್ನ ಕೈಯಾರೆ ಹಾಕೀನಿ, ಎಲ್ಲಿ ಹೋತು?”

“ನನ್ನ ಗಂಡನ ಹೊಟ್ಟಿಗೆ,” ಎಂದಳು ಹೊನ್ನೂರಮ್ಮ.

ಒಳಗೆ ಗಂಡಿನ ತಂದೆ ಎರಡನೆಯ ತುಂಡು ಕೇಳುತ್ತಿದ್ದರು. ಇಷ್ಟು ಹಿತಮಿತದ ಮನೆ ಹೊನ್ನಾಳಿಯಲ್ಲೂ ಸಿಗಲಿಲ್ಲವೆಂದು ಒಪ್ಪಿ ಹೋದರಂತೆ. ಅದನ್ನೆಲ್ಲ ಕೇಳಲು ಹೊನ್ನೂರಮ್ಮನಿಗೆ ಪುರುಸೊತ್ತೆಲ್ಲಿ? ಮನೆಗೆ ಬಂದಳು. ಷಣ್ಮುಖಪ್ಪ ಕುಂಟುತ್ತ ಆಗಲೇ ಬಂದು ಸೇರಿದ್ದ.

“ಗೊತ್ತಾಗಲಿಲ್ವೇನ್ರೀ ನಿಮಗೆ?”

ಆತ ಸುಳ್ಳು ಹುಡುಕಿದ. ಸಿಗಲಿಲ್ಲ. “ಮೊದಲ್ನೇ ತುತ್ತಿಗೇ ಗೊತ್ತಾತು.”

“ಗೊತ್ತಾಗಿ?”

“ಗೊತ್ತಾದ ಮ್ಯಾಲೆ ಬಾಗಿಲು ಹಾಕ್ಕೊಂಡು ತಿಂದೆ.”

ಆಕೆ ಕೂಗಾಡುತ್ತಾಳೆಂದು ಷಣ್ಮುಖಪ್ಪ ಕಾದ. ಆಕೆ ಮೂಲೆಯ ಚೀಲ ತೆಗೆದು ದಾವಣಗೆರೆಗೆ ತುಂಬತೊಡಗಿದಳು. ಒಗೆದ ಪಂಚೆ, ಟವೆಲು, ಲೋಟ, ಚಾದರ. ಇಪ್ಪತ್ತು ವರ್ಗಾವಣೆಗಾಗುವಷ್ಟು ಬಾರಿ ಟ್ರಂಕು ತುಂಬಿದ ಕೈ ಅದು. ಮಿಂಚಿನ ಹಾಗೆ ನಡೆಯಬೇಕಿತ್ತು. ಆದರೆ ಪಂಚೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿತ್ತು.

“ಇಪ್ಪತ್ತೆಂಟು ದಿವಸ ಐದಕ್ಕೆ ಎದ್ದೀನಿ,” ಎಂದಳು ತಿರುಗಿ ನೋಡದೆ. “ನಿಮ್ಮ ಬೆರಳು ನಿಮಗೇ ಬ್ಯಾಡಾದ್ರೆ ನಾನೊಬ್ಬಾಕೆ ಎಷ್ಟು ಅಂತ ಓಡ್ಲಿ?”

ಷಣ್ಮುಖಪ್ಪ ಎದ್ದ. ಹೇಳದೆ ಕೇಳದೆ ಆತ ತಾನಾಗಿ ಎದ್ದದ್ದು ಬಹುಶಃ ಅದೇ ಮೊದಲು. ಅಂಗಡಿಯ ಸ್ಟೂಲು ಬೆಚ್ಚಿರಬೇಕು. ಬಿಸಿಲಲ್ಲಿ ಆಸ್ಪತ್ರೆಯವರೆಗೆ ಕುಂಟಿಕೊಂಡು ಹೋಗಿ ಡಾಕ್ಟರ ಮೇಜಿನ ಮುಂದೆ ನಿಂತ. ಹಿಂದೆಯೇ ಹೊನ್ನೂರಮ್ಮ.

“ಡಾಕ್ಟ್ರೇ, ತಪ್ಪು ಈಕೀದಲ್ಲ. ಬ್ಯಾರೆ ಮನೆ ಕೇಕು ಬಂತು. ಗೊತ್ತಿದ್ದೂ ಒಂದು ತಟ್ಟೆ ತಿಂದೀನಿ. ಬೆರಳು ತೆಗಿಯೋ ಮುಂಚೆ ನನ್ನ ಮೂತಿಗೆ ಎರಡು ಹಾಕಿ, ಆಮ್ಯಾಲೆ ಒಂದ್ಸಲ ಗಾಯ ನೋಡಿಬಿಡ್ರಿ.”

ಡಾಕ್ಟರು ಆತನನ್ನು ನೋಡಿದರು, ಆಕೆಯನ್ನು ನೋಡಿದರು. ಕೊನೆಗೆ ಪಟ್ಟಿ ಬಿಚ್ಚಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

“ಇದು ಆರ್ತಾ ಇದೆಯಲ್ಲ ಸಿಸ್ಟರ್.”

“ಅದನ್ನೇ ಬೆಳಿಗ್ಗೆ ಬಡ್ಕಂಡೆ.”

“ನಾಲ್ಕು ದಿನ. ಕಾಗದ ಹರಿಯಲ್ಲ, ಮೇಜಿನಲ್ಲೇ ಇಟ್ಟಿರ್ತೀನಿ.”

ತುಂಬಿದ ಚೀಲವನ್ನು ಹೊನ್ನೂರಮ್ಮನೂ ಬಿಚ್ಚಲಿಲ್ಲ. ಬಾಗಿಲ ಬಳಿ ಇಟ್ಟಳು. ನಾಲ್ಕು ದಿನ ಷಣ್ಮುಖಪ್ಪ ಅದನ್ನು ದಾಟಿಯೇ ಓಡಾಡಿದ. ಹಬ್ಬದ ದಿನ ಪೀರ್‌ಸಾಬರ ಹೆಂಡತಿ ದಿಲ್‌ಶಾದ್ ಬೇಗಂ ಕಳಿಸಿದ ಹಾಲು ಶಾವಿಗೆಯ ಶೀರ್‌ಕುರ್ಮದ ಮುಂದೆ ಬೆನ್ನು ತಿರುಗಿಸಿ ಕೂತ. ಆಗ ಆತನ ಬೆನ್ನೇ ಬಿಕ್ಕಿದ್ದನ್ನು ಕಂಡೆವೆಂದು ಇಬ್ಬರು ಗಿರಾಕಿಗಳು ಹೇಳಿದರು. ಬೆಳಗಿನ ತಟ್ಟೆಯನ್ನು ತಾನೇ ಬೇಕರಿಗೆ ಒಯ್ದ, ಬೇಯುವವರೆಗೂ ಒಲೆಯ ಬಾಯಲ್ಲಿ ಕಾವಲು ಕೂತ. ಹೊನ್ನೂರಮ್ಮ ಹಗಲೆಲ್ಲ ವಾರ್ಡಿನಿಂದ ಅಂಗಡಿಗೆ, ಅಂಗಡಿಯಿಂದ ವಾರ್ಡಿಗೆ ಹದಿನೆಂಟು ಸಲ ಬಂದು ಹೋದಳು. ಬಂದಾಗಲೆಲ್ಲ ಮೀಸೆ ನೋಡುತ್ತಿದ್ದಳು.

ಐದನೆಯ ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡೇ ಆಸ್ಪತ್ರೆಗೆ ಬಂದಳು. ಎರಡರಲ್ಲಿ ಒಂದು ಇವತ್ತೇ ಆಗಲಿ ಎಂದು. ಎಂಟು ಹನಿ. ದೀಪ. ನೀಲಿ ಕದಡಿತು. ಹಸಿರಾಯಿತು. ಹೊನ್ನೂರಮ್ಮ ಉಸಿರು ಬಿಗಿಹಿಡಿದಳು. ವಾರ್ಡಿನ ಗಡಿಯಾರವೂ ನಿಂತಿತ್ತು. ಅದು ಎರಡು ವರ್ಷದಿಂದ ನಿಂತೇ ಇತ್ತು, ಅದು ಬೇರೆ ಮಾತು. ಹಸಿರು ಹಸಿರಾಗಿಯೇ ಉಳಿಯಿತು. ಡಾಕ್ಟರು ನಂಬದೆ ಇನ್ನೊಂದು ಕೊಳವೆ ಕಾಯಿಸಿದರು. ಅದೂ ಹಸಿರು. ಮೇಜಿನಿಂದ ಕಾಗದ ತೆಗೆದು ಎರಡಾಗಿ ಹರಿದರು.

“ಬೆರಳು ಇಟ್ಟುಕೊಳ್ಳಿ.”

ಷಣ್ಮುಖಪ್ಪ ಹೆಂಡತಿಗೆ ಏನಾದರೂ ಹೇಳಬೇಕೆಂದು ಹೊರಳಿದ. ನಾಲ್ಕು ದಿನದಿಂದ ಮಾತು ಹೊಲಿದು ಇಟ್ಟುಕೊಂಡಿದ್ದ. ಆಕೆ ಅಲ್ಲಿರಲಿಲ್ಲ. ಕಿಟಕಿಯಿಂದ ನೋಡಿದರೆ ಚಿಕ್ಕಹನುಮಂತಪ್ಪನ ಮುಂದೆ ಮುಂದೆ, ಚೀಲ ಹೆಗಲಲ್ಲೇ ಇದ್ದಂತೆ, ಹಟ್ಟಿಯ ದಾರಿಯಲ್ಲಿ ಧೂಳೆಬ್ಬಿಸುತ್ತ ಹೋಗುತ್ತಿದ್ದಳು. ಈ ಸಲದ ನೋವು ನಿಜವಾದದ್ದು. ಮಧ್ಯಾಹ್ನ ಹುಟ್ಟಿದ ಹೆಣ್ಣುಕೂಸನ್ನು ಒರೆಸಿ ಸುತ್ತಿದ್ದು ದಾವಣಗೆರೆಗೆಂದು ಮಡಿಸಿಟ್ಟಿದ್ದ ಷಣ್ಮುಖಪ್ಪನ ಪಂಚೆಯಲ್ಲಿ.