ಕ್ಯಾಪ್ಟನ್ ಪುಸ್ತಕದ ಅಂಚು

ಕುಂಞಮ್ಮದರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಮಸ್ಕತ್ತಿನ ಹೊರವಲಯದ ಅಲ್ ಮಬೇಲಾದ ಈ ಅಂಗಡಿಯಲ್ಲಿ ಮೂವತ್ತೊಂದು ವರ್ಷಗಳಿಂದ ಅವರು ಬೈಂಡ್ ಮಾಡುತ್ತಿರುವುದು ಹೆಚ್ಚಾಗಿ ಇಂಗ್ಲಿಷ್ ಪುಸ್ತಕಗಳನ್ನೇ.

ಬೆಳಗಿನ ನಮಾಜು ಮುಗಿಸಿ ಬಂದು, ಶಟರನ್ನು ಅರ್ಧ ಎತ್ತಿ ಕೂತಿದ್ದಾರೆ. ಎದುರಿನ ಗ್ಯಾರೇಜುಗಳು ಇನ್ನೂ ತೆರೆದಿಲ್ಲ. ಪಕ್ಕದ ಟೈಪಿಂಗ್ ಅಂಗಡಿಯ ಲತೇಶ್ ಭೂತಗನ್ನಡಿ ಹಿಡಿದು, ಹಳೆಯ ಪುಸ್ತಕವೊಂದರ ಒಳಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಹೆಸರುಗಳನ್ನು ತಡವರಿಸುತ್ತ ಓದುತ್ತಾರೆ. ಕುಂಞಮ್ಮದ್ ಅವನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ.

ಉಳ್ಳಾಲದ ಕುಂಞಮ್ಮದ್ ಹನ್ನೆರಡನೇ ವಯಸ್ಸಿಗೆ ಮಂಗಳೂರಿನ ಪ್ರೆಸ್ಸೊಂದರಲ್ಲಿ ಸೂಜಿ ಹಿಡಿದವರು. ಈಗ ದಿನಕ್ಕೆ ಇಪ್ಪತ್ತು ಪುಸ್ತಕ ಹೊಲಿಯುತ್ತಾರೆ. ಮಸೀದಿಯ ಕುರ್‌ಆನ್ ಒಂದೆರಡು, ಉಳಿದದ್ದೆಲ್ಲ ಶಾಲೆಯ ಲೈಬ್ರರಿಗಳ ಹರಿದ ಪುಸ್ತಕ. ಬಲಗೈ ಹೆಬ್ಬೆರಳಿಗೆ ಸ್ಪರ್ಶಜ್ಞಾನವೇ ಉಳಿದಿಲ್ಲ.

ಮಸ್ಕತ್ತಿನಲ್ಲಿ ಪಾಠ ಹೇಳುವ ಅಮೆರಿಕನ್ ಟೀಚರೊಬ್ಬರು ಹೋದ ತಿಂಗಳು ಈ ಪುಸ್ತಕ ತಂದುಕೊಟ್ಟರು. ಅವರ ಮುತ್ತಜ್ಜನ ತಂದೆ ಕ್ಯಾಪ್ಟನ್ ಟ್ರೆಡ್‌ವೆಲ್ ತನ್ನ ಸೈನ್ಯದ ಬದುಕನ್ನು ತಾನೇ ಬರೆದು ಅಚ್ಚು ಹಾಕಿಸಿದ್ದು. ದಿನದ ಕೆಲಸ ಮುಗಿದ ಮೇಲೆ ಕುಂಞಮ್ಮದ್ ಇದರ ಹಳೆಯ ಪುಟಗಳನ್ನು ನಿಧಾನಕ್ಕೆ ಹೊಲಿಯುವಾಗ ಲತೇಶ್ ಒಂಬತ್ತು ಸಂಜೆ ಕೂತು ಅದನ್ನು ಓದಿ ಹೇಳಿದರು. ಹತ್ತೊಂಬತ್ತಕ್ಕೆ ಸೇನೆ, ಅಂತರ್ಯುದ್ಧದಲ್ಲಿ ಮೊಣಕಾಲಿಗೆ ಗುಂಡು, ಆಮೇಲೆ ಪಶ್ಚಿಮದ ಕೋಟೆಗಳಲ್ಲಿ ಇಪ್ಪತ್ತೆರಡು ವರ್ಷ ಮೂಲನಿವಾಸಿಗಳನ್ನು ಅವರ ನೆಲದಿಂದ ಓಡಿಸುವ ಕೆಲಸ. ಬಡ್ತಿ ಕ್ಯಾಪ್ಟನ್‌ಗೇ ನಿಂತಿತು.

"ಅಷ್ಟು ವರ್ಷ ದುಡಿದು ಬರೀ ಕ್ಯಾಪ್ಟನಾ? ಅವನಿಗೆ ವೀಸಾ ಕೊಟ್ಟ ಕಫೀಲ್ ಸರಿ ಇರ್ಲಿಲ್ಲ ಕಾಣ್ತದೆ" ಎಂದು ಕುಂಞಮ್ಮದ್ ನಕ್ಕಿದ್ದರು.

"ನಿಮ್ಗೆ ಅದೂ ಸಿಗ್ಲಿಲ್ಲ ಕಾಕ, ನೀವು ನಗ್ಬೇಡಿ" ಎಂದಿದ್ದರು ಲತೇಶ್.

ಹತ್ತನೆಯ ದಿನ ಹೊಲಿಗೆ ಮುಗಿಯಿತು. ಕುಂಞಮ್ಮದ್ ಪುಸ್ತಕವನ್ನು ಕಟಿಂಗ್ ಮೆಷಿನ್ನಿಗೆ ಕೊಟ್ಟು ಮೂರು ಬದಿಯನ್ನೂ ನೇರ ಮಾಡಿದರು. "ಅಂಚು ಸೊಟ್ಟ ಕಂಡ್ರೆ ನನ್ನ ಕೈ ಸುಮ್ನೆ ಕೂರುದಿಲ್ಲ" ಎನ್ನುತ್ತಾರೆ. "ಪೆನ್ಸಿಲ್ ಗೀಟು ಕಂಡಿತ್ತು. ಶಾಲೆ ಪುಸ್ತಕದಲ್ಲಿ ದಿನಾ ನೋಡ್ತೇನಲ್ಲ, ಮಕ್ಳು ಗೀಚಿದ್ದು ಅಂತ ಮಾಡಿದೆ."

"ಓದಿದವ ನಾನು" ಎನ್ನುತ್ತಾರೆ ಲತೇಶ್. "ಅಚ್ಚು ಮಾತ್ರ ಓದಿದೆ. ಅಂಚು ನೋಡ್ಲೇ ಇಲ್ಲ."

ಮರುದಿನ ಟೀಚರ್ ಫೋನ್ ಮಾಡಿ, ಪೆನ್ಸಿಲ್ ಬರಹ ಜೋಪಾನ ಎಂದರು. ಪುಸ್ತಕದಲ್ಲಿ ಸತ್ತ ಸಿಪಾಯಿಗಳ ಸಂಖ್ಯೆ ಮಾತ್ರ ಅಚ್ಚಾಗಿತ್ತು. ತನ್ನ ಕೈಕೆಳಗೆ ಸತ್ತ ಒಬ್ಬೊಬ್ಬನ ಹೆಸರನ್ನೂ ಕ್ಯಾಪ್ಟನ್ ತನ್ನ ಪ್ರತಿಯ ಅಂಚಿನಲ್ಲಿ ಬರೆದಿದ್ದ. ಬೇರೆಲ್ಲೂ ಆ ಪಟ್ಟಿಯಿಲ್ಲ. ಕತ್ತರಿಸಿದ ಚೂರುಗಳನ್ನು ಕಸದ ಲಾರಿ ಅಷ್ಟರಲ್ಲಿ ಒಯ್ದಿತ್ತು. ಹೊಲಿಗೆಯ ಬದಿಯಲ್ಲಿದ್ದ ಹೆಸರುಗಳಷ್ಟೇ ಉಳಿದವು.

ಟೀಚರ್ ಬರುವುದು ಇವತ್ತು. ಅವರಿಗೆ ಇನ್ನೂ ಗೊತ್ತಿಲ್ಲ.

"ಮೊದ್ಲೇ ಹರಿದು ಹೋಗಿತ್ತು ಅನ್ನಿ ಕಾಕ. ಖಲಾಸ್."

"ಸತ್ತವರ ಹೆಸ್ರು ಮಾರಾಯ. ಅದ್ರಲ್ಲೂ ಸುಳ್ಳು ಹೇಳ್ಳಿಕ್ಕುಂಟಾ? ಟೀಚರ್ ಬೈಲಿ. ಬೈಯದೆ ಎತ್ಕೊಂಡು ಹೋದ್ರೆ ನಂಗೆ ತಡ್ಕೊಳ್ಲಿಕ್ಕೆ ಆಗ್ಲಿಕ್ಕಿಲ್ಲ."

ಹತ್ತು ಗಂಟೆಗೆ ಟೀಚರ್ ಬರುತ್ತಾರೆ. ಕುಂಞಮ್ಮದ್ ತಾವೇ ಪುಸ್ತಕ ಬಿಡಿಸಿ, ಕತ್ತರಿಸಿದ ಬದಿಯ ಮೇಲೆ ಬೆರಳಿಟ್ಟು, "ನಾನೇ ಮಾಡಿದ್ದು" ಎನ್ನುತ್ತಾರೆ. ಲತೇಶ್ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಾರೆ. ಟೀಚರ್ ಬೈಯುವುದಿಲ್ಲ. ಸ್ಟೂಲಿನ ಮೇಲೆ ಕೂತು, ಎಷ್ಟು ಹೋಯಿತು ಎಂದಷ್ಟೇ ಕೇಳುತ್ತಾರೆ.

ಕೊನೆಯ ಪುಟದ ನಡುವೆ ಕ್ಯಾಪ್ಟನ್ ಬರೆದಿಟ್ಟ ಒಟ್ಟು ಸಂಖ್ಯೆ ಅರವತ್ತೆರಡು. ಕುಂಞಮ್ಮದರ ಚೀಟಿಯಲ್ಲಿರುವ ಹೆಸರುಗಳು ಹತ್ತೊಂಬತ್ತು. ಹೋದದ್ದು ನಲವತ್ತಮೂರು.